ಇಸ್ತ್ರಿಯವನ ಇಲ್ಲದ ತಮ್ಮ

ನಮ್ಮ ಗ್ರಂಥಾಲಯದ ಮಹಡಿಯಲ್ಲಿ ಎದುರುಬದುರಾಗಿ ಎರಡು ಕೋಣೆಗಳಿವೆ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಎಡಗಡೆಯ ಕೋಣೆಯಲ್ಲಿ ಕುಡಿತ ಬಿಡಬೇಕೆನ್ನುವವರು ಸೇರುತ್ತಾರೆ, ಬಲಗಡೆಯ ಕೋಣೆಯಲ್ಲಿ ಅಂಥವರ ಮನೆಯವರು ಸೇರುತ್ತಾರೆ. ಎರಡಕ್ಕೂ ಬೋರ್ಡಿಲ್ಲ. ಬೋರ್ಡು ಹಾಕಿದರೆ ಮೆಟ್ಟಿಲು ಹತ್ತಿದವರು ಅದನ್ನು ಓದಿ ಹಾಗೇ ಇಳಿದುಹೋಗುತ್ತಾರೆಂದು ಶುರುಮಾಡಿದವರೇ ಬೇಡ ಎಂದಿದ್ದರು. ಹಾಗಾಗಿ ಮೆಟ್ಟಿಲ ತುದಿಯಲ್ಲಿ ಮೇಜು ಹಾಕಿಕೊಂಡು ಕೂತ ನಾನೇ ಬೋರ್ಡು. ಬಂದವರು ಮೀಟಿಂಗು ಎಂಬ ಒಂದು ಮಾತನ್ನು ಅರ್ಧ ಆಡಿ ಅರ್ಧ ನುಂಗುತ್ತಾರೆ. ಯಾವ ಮೀಟಿಂಗು ಎಂದು ನಾನು ಕೇಳುವಂತಿಲ್ಲ. ಮುಖ ನೋಡಿ ಎಡಕ್ಕೋ ಬಲಕ್ಕೋ ಕೈ ತೋರಿಸಬೇಕು, ಅಷ್ಟೇ.

ಹನ್ನೆರಡು ವರ್ಷದಲ್ಲಿ ನನ್ನ ಕೈ ಒಮ್ಮೆಯೂ ತಪ್ಪಿರಲಿಲ್ಲ. ಕುಡಿಯುವವರು ಬಂದವರೇ ನೆಲ ನೋಡುತ್ತಾರೆ, ಮನೆಯವರು ಗಡಿಯಾರ ನೋಡುತ್ತಾರೆ; ಇಷ್ಟೇ ನನ್ನ ಶಾಸ್ತ್ರ. ಇದರ ಮೇಲೆ ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದೇನೆ. ಆ ಜಂಬವನ್ನು ಇಳಿಸಿದವನು ಒಬ್ಬ ಇಸ್ತ್ರಿಯವನು. ಕೋಣೆಯೊಳಗಿನ ಮಾತು ಹೊರಗೆ ಬರಬಾರದೆಂಬುದು ನನಗೂ ಗೊತ್ತು. ಆದರೆ ಇದನ್ನೆಲ್ಲ ನನಗೆ ಹೇಳಿದವರು ಅವನು ಮತ್ತು ಅವನ ಹೆಂಡತಿ, ಬರೆಯಿರಿ ಎಂದವರೂ ಅವರೇ. ನಾನು ಬರೆಯದಿದ್ದರೆ ನನ್ನ ತಪ್ಪನ್ನು ಮುಚ್ಚಿಟ್ಟಂತಾಗುತ್ತದೆ.

ಅವನು ಮೊದಲ ಸಲ ಬಂದ ದಿನ ನೆಲವನ್ನೂ ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ನನ್ನ ಮೇಜಿನ ಬಟ್ಟೆ ನೋಡಿದ. ಅದು ಮುದುಡಿಕೊಂಡಿತ್ತು. ಮೀಟಿಂಗು ಎನ್ನುತ್ತಲೇ ಅದರ ಒಂದು ಮಡಿಕೆಯನ್ನು ಅಂಗೈಯಿಂದ ನೀವಿ ಸರಿಮಾಡಿದ. ನಲವತ್ತರ ಆಸುಪಾಸಿನ ಆಳು, ನುಣ್ಣಗೆ ಕ್ಷೌರ ಮಾಡಿಕೊಂಡಿದ್ದ, ಮೈಮೇಲೆ ತಿಳಿನೀಲಿ ಶರ್ಟು. ಅಂಥ ಇಸ್ತ್ರಿಯನ್ನು ನಾನು ಮದುವೆ ಗಂಡಿನ ಮೈಮೇಲೂ ಕಂಡಿರಲಿಲ್ಲ. ಪಾಪ, ಯಾವ ಮನೆಹಾಳ ಅಣ್ಣನಿಗಾಗಿಯೋ ಅಪ್ಪನಿಗಾಗಿಯೋ ಬಂದಿದ್ದಾನೆ ಎಂದುಕೊಂಡು ಬಲಗಡೆಗೆ ಕೈ ತೋರಿಸಿದೆ. ಅವನು ತಲೆಯಾಡಿಸಿ ಹೋದ. ಒಂದು ಶರ್ಟಿಗೆ ಮರುಳಾದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಅವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಆಸ್ಪತ್ರೆಯ ಡಾಕ್ಟರುಗಳ ಬಿಳಿ ಕೋಟು, ಕೋರ್ಟಿನವರ ಕರಿ ಕೋಟು, ಎರಡು ಶಾಲೆಗಳ ಯೂನಿಫಾರ್ಮು ಎಲ್ಲ ಅವನ ಮೇಜಿಗೇ ಬರುತ್ತವೆ. ಹೆಂಡತಿ ಬಟ್ಟೆ ವಿಂಗಡಿಸಿ, ಜೇಬು ಖಾಲಿ ಮಾಡಿ, ಗುರುತು ಚೀಟಿ ಸಿಕ್ಕಿಸಿ ಕೊಡುತ್ತಾಳೆ. ಅವನು ಇಸ್ತ್ರಿ ಹೊಡೆಯುತ್ತಾನೆ. ಜೇಬು ನೋಡದೆ ಯಾವ ಬಟ್ಟೆಯೂ ಮೇಜು ಹತ್ತುವಂತಿಲ್ಲ, ಸಿಕ್ಕಿದ್ದನ್ನು ಒಂದು ಗುಂಡಿಯಾದರೂ ಸರಿ ಬಟ್ಟೆಯ ಜತೆಗೇ ವಾಪಸು ಕೊಡಬೇಕು. ಇದು ಆ ಅಂಗಡಿಯಲ್ಲಿ ಅವನ ಅಪ್ಪನ ಕಾಲದಿಂದ ನಡೆದುಬಂದ ಕ್ರಮ. ಕೆಲಸದಲ್ಲಿ ಅವನು ಅಷ್ಟು ನಿಯತ್ತಿನವನು. ಕುಡಿತ ಮಾತ್ರ ಎಂಟು ವರ್ಷದಿಂದ ಅವನ ಹೆಗಲೇರಿ ಕೂತಿತ್ತು.

ಮೊದಮೊದಲು ಅಂಗಡಿ ಮುಚ್ಚಿದ ಮೇಲೆ ಮಾತ್ರ ಕುಡಿಯುತ್ತಿದ್ದ. ಆಮೇಲೆ ಮಧ್ಯಾಹ್ನ ಶುರುವಾಯಿತು. ಕೊನೆಗೆ ಬೆಳಿಗ್ಗೆ ಒಂದು ಗುಟುಕು ಬೀಳದೆ ಕೈ ನಿಲ್ಲುತ್ತಿರಲಿಲ್ಲ, ಕೈ ನಿಲ್ಲದೆ ಕಾಲರು ನಿಲ್ಲುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಇರುವಾಗ ಬಾಟಲಿ ಎಲ್ಲಿಡುವುದು? ಅದಕ್ಕೂ ಅವನ ತಲೆ ಓಡಿತು. ಬಟ್ಟೆಗೆ ನೀರು ಚಿಮುಕಿಸುವ ಪ್ಲಾಸ್ಟಿಕ್ ಬಾಟಲಿಗಳು ಅಂಗಡಿಯಲ್ಲಿ ನಾಲ್ಕಿದ್ದವು. ಐದನೆಯದನ್ನು ತಂದು, ನೀರಿನ ಬಣ್ಣದ್ದೇ ಮದ್ಯ ತುಂಬಿ, ಸಾಲಿನ ಕೊನೆಯಲ್ಲಿಟ್ಟ. ಇಸ್ತ್ರಿ ಹೊಡೆಯುವವನು ನೀರಿನ ಬಾಟಲಿ ಕೈಗೆತ್ತಿಕೊಂಡರೆ ಯಾರಿಗೆ ಏನು ಅನಿಸಬೇಕು? ಎರಡು ವರ್ಷ ಎಲ್ಲರ ಕಣ್ಣಿಗೆ ಮಣ್ಣೆರಚಿದ. ವಾಸನೆ ಬರುತ್ತದಲ್ಲ ಎಂದು ಹೆಂಡತಿ ಕೇಳಿದರೆ, ನಿನ್ನೆಯದು ಎನ್ನುತ್ತಿದ್ದ. ಅವನ ಪ್ರಕಾರ ಎಲ್ಲವೂ ನಿನ್ನೆಯದೇ.

ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಒಂದು ಬೆಳಿಗ್ಗೆ ತಡವಾಯಿತೆಂದು ಅವಳೇ ಕೆಳಗೆ ಓಡಿಬಂದು, ಕೈಗೆ ಸಿಕ್ಕ ಬಾಟಲಿಯಿಂದ ಯೂನಿಫಾರ್ಮಿಗೆ ಚೆನ್ನಾಗಿ ಚಿಮುಕಿಸಿ, ಮೇಲೆ ಮೇಲೆ ಇಸ್ತ್ರಿ ಎಳೆದು, ಹಸಿಹಸಿಯಾಗಿಯೇ ತೊಟ್ಟುಕೊಂಡು ಹೋದಳು. ಅವಸರದಲ್ಲಿ ಅವಳಿಗೆ ಏನೂ ತಿಳಿಯಲಿಲ್ಲ. ಮೊದಲ ಪೀರಿಯಡ್ಡಿನಲ್ಲೇ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರಂತೆ. ಹೆಡ್‌ಮಿಸ್ಟ್ರೆಸ್ಸು ಅವಳನ್ನು ಕೋಣೆಗೆ ಕರೆಸಿ, ಮನೆಯಲ್ಲಿ ಯಾರು ಕುಡಿಯುತ್ತಾರೆ ಎಂದು ಕೇಳಿದರು. ಬಾಟಲಿಯಲ್ಲಿ ಏನಿತ್ತೆಂದು ಆ ಕ್ಷಣಕ್ಕೆ ಹುಡುಗಿಗೆ ಹೊಳೆಯಿತು. ಯಾರೂ ಇಲ್ಲ ಮೇಡಂ, ನಾನೇ ರುಚಿ ನೋಡೋಣ ಅಂತ ಕುಡಿದೆ ಎಂದುಬಿಟ್ಟಳು. ಅಪ್ಪನ ಮಾನ ಉಳಿಸಲು ಹದಿನೈದರ ಹುಡುಗಿ ಅಂಥ ಮಾತನ್ನು ತನ್ನ ಮೈಮೇಲೆ ಹಾಕಿಕೊಂಡಳು.

ಹೆಂಡತಿ ಶಾಲೆಗೆ ಹೋಗಿ ನಿಜ ಹೇಳಿ ಮಗಳನ್ನು ಬಿಡಿಸಿಕೊಂಡು ಬಂದಳು. ಅಂಗಡಿಗೆ ಬಂದು, ಐದೂ ಬಾಟಲಿಗಳನ್ನು ಒಂದೊಂದಾಗಿ ಮೂಸಿ ನೋಡಿ, ಐದನೆಯದನ್ನು ಅವನೆದುರಿಗಿಟ್ಟಳು. ಅವಳು ಕೂಗಾಡಲಿಲ್ಲ.

"ಪರೀಕ್ಷೆ ಮುಗಿಯೋವರೆಗೂ ಇರ್ತೀನಿ. ಅದಾದ್ಮೇಲೆ ನಾನೂ ಅವಳೂ ಅಕ್ಕನ ಮನೆಗೆ ಹೋಗ್ತೀವಿ. ಅಷ್ಟರೊಳಗೆ ನೀವು ಕುಡಿದ್ರೆ ಏನೂ ಅನ್ನಲ್ಲ, ಅದು ರೂಢಿಯಾಗಿದೆ. ಆದ್ರೆ ಇನ್ನೊಂದೇ ಒಂದು ಸುಳ್ಳು ಹೇಳಿದ್ರೂ ಪರೀಕ್ಷೆವರೆಗೂ ಕಾಯಲ್ಲ."

ಪರೀಕ್ಷೆಗೆ ಆಗ ಎರಡು ತಿಂಗಳು ಚಿಲ್ಲರೆ ದಿನ ಬಾಕಿ ಇತ್ತು. ಅದೇ ವಾರ ಒಬ್ಬ ಡಾಕ್ಟರರ ಕೋಟಿನ ಒಳಜೇಬಿನಲ್ಲಿ, ಹೆಂಡತಿಯ ಕಣ್ತಪ್ಪಿ ಉಳಿದಿದ್ದ ಒಂದು ಚೀಟಿ ಅವನಿಗೆ ಸಿಕ್ಕಿತು: ಕುಡಿತ ಬಿಡಬೇಕೆನ್ನುವವರಿಗೆ, ಶನಿವಾರ ನಾಲ್ಕು ಗಂಟೆ, ಗ್ರಂಥಾಲಯದ ಮಹಡಿ. ಜೇಬಿನಲ್ಲಿ ಸಿಕ್ಕಿದ್ದನ್ನು ವಾಪಸು ಕೊಡದೆ ಅವನು ಇಟ್ಟುಕೊಂಡದ್ದು ಅದೊಂದೇ. ಹೀಗೆ ಬಂದವನನ್ನು ನಾನು ತಪ್ಪು ಬಾಗಿಲಿಗೆ ಕಳಿಸಿದೆ.

ಬಲಗಡೆಯ ಕೋಣೆಯಲ್ಲಿ ಎಂಟೊಂಬತ್ತು ಜನ ಹೆಂಗಸರು, ಒಬ್ಬ ಮುದುಕರು. ಅದನ್ನು ನಡೆಸುವವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸಮ್ಮ. ಗಂಡ ಕುಡಿದು ಕುಡಿದೇ ತೀರಿಕೊಂಡರೂ ಅವರು ಈ ಕೋಣೆಗೆ ಬರುವುದನ್ನು ಬಿಟ್ಟಿಲ್ಲ. ಅವನನ್ನು ಕೂರಿಸಿ, ಯಾರಿಗೋಸ್ಕರ ಬಂದಿದ್ದೀರಿ ಎಂದು ಕೇಳಿದರು. ಆಗ ಅವನಿಗೆ ಕೋಣೆ ಯಾವುದೆಂದು ತಿಳಿಯಿತು. ತಪ್ಪಿ ಬಂದೆ ಎಂದು ಏಳಬಹುದಿತ್ತು. ಆದರೆ ಹತ್ತು ಜೊತೆ ಕಣ್ಣುಗಳು ಅವನ ಮೇಲಿದ್ದವು, ಆ ಕಣ್ಣುಗಳಲ್ಲಿ ಕನಿಕರವಿತ್ತು. ಕುಡಿತದ ವಿಷಯಕ್ಕೆ ಅವನನ್ನು ಕನಿಕರದಿಂದ ಯಾರಾದರೂ ನೋಡಿ ವರ್ಷಗಳೇ ಆಗಿದ್ದವು. ತಮ್ಮನಿಗೋಸ್ಕರ ಎಂದುಬಿಟ್ಟ. ಅವನಿಗೆ ತಮ್ಮನೇ ಇಲ್ಲ. ಇರುವುದು ಇಬ್ಬರು ಅಕ್ಕಂದಿರು.

ಒಂದು ಸಲ ಹುಟ್ಟಿದ ತಮ್ಮ ಬೆಳೆಯದೆ ಇರುತ್ತಾನೆಯೇ? ವಾರದಿಂದ ವಾರಕ್ಕೆ ಬೆಳೆದ. ತಮ್ಮನಿಗೂ ಇಸ್ತ್ರಿ ಅಂಗಡಿ, ತಮ್ಮನಿಗೂ ಒಬ್ಬಳು ಮಗಳು, ತಮ್ಮನ ಬಳಿಯೂ ಐದು ಬಾಟಲಿ. ಯೂನಿಫಾರ್ಮಿನ ಕಥೆಯನ್ನು ಅವನು ತಮ್ಮನ ಮೇಲಿಟ್ಟು ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರಂತೆ. ಆ ತಮ್ಮನನ್ನು ಕೈಗೆ ಸಿಕ್ಕರೆ ಸಿಗಿದುಬಿಡುವಷ್ಟು ಸಿಟ್ಟು ನರ್ಸಮ್ಮನಿಗೆ ಬಂದಿತ್ತು. ಅವನು ತಲೆತಗ್ಗಿಸಿ ಬೈಗುಳವನ್ನೆಲ್ಲ ತಮ್ಮನ ಪರವಾಗಿ ಸ್ವೀಕರಿಸಿದ. ಇಂಥ ಅಣ್ಣನನ್ನು ಪಡೆಯೋಕೆ ಅವನು ಪುಣ್ಯ ಮಾಡಿರಬೇಕು ಎಂದು ಮುದುಕರು ಹೇಳಿದರಂತೆ. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ.

ಅಲ್ಲಿ ಕೂತು ಅವನು ಬೇರೆಯವರ ಮಾತುಗಳನ್ನೂ ಕೇಳಬೇಕಾಗಿತ್ತು. ಒಬ್ಬ ಟೈಪಿಸ್ಟ್ ಹುಡುಗಿ, ಮದುವೆಯಾಗಿ ಮೂರೇ ವರ್ಷ, ಗಂಡ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವತ್ತು ಎಷ್ಟಾಗಿದೆ ಎಂದು ಲೆಕ್ಕ ಹಾಕುತ್ತೇನೆ ಎಂದಿದ್ದಳು. ಆ ಸಂಜೆ ಅವನು ತನ್ನ ಮನೆಯ ಮೆಟ್ಟಿಲು ಹತ್ತುವಾಗ ಕಿವಿಗೊಟ್ಟ. ಮೇಲೆ ರೇಡಿಯೋ ಹಾಡುತ್ತಿತ್ತು, ತಾಯಿ ಮಗಳು ಏನಕ್ಕೋ ನಗುತ್ತಿದ್ದರು. ಅವನ ಕಾಲು ಮೂರನೆಯ ಮೆಟ್ಟಿಲಿಗೆ ಬಂದಾಗ ರೇಡಿಯೋ ನಿಂತಿತು, ನಗುವೂ ನಿಂತಿತು. ಅವತ್ತು ಅವನು ಕುಡಿದೇ ಇರಲಿಲ್ಲ. ಎಂಟು ವರ್ಷದಿಂದ ಹೀಗೆ ದಿನಾ ನಿಲ್ಲುತ್ತಿದ್ದಿರಬೇಕು, ತನಗೆ ಕೇಳಿಸಿದ್ದು ಅವತ್ತೇ ಎಂದು ಅವನು ನನಗೆ ಹೇಳಿದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬಾಯಿಗೆ ಕರವಸ್ತ್ರ ತುರುಕಿಕೊಂಡು ಅತ್ತನಂತೆ.

ಆಮೇಲೆ ಹನ್ನೊಂದು ದಿನ ಕುಡಿಯಲಿಲ್ಲ. ಮೈ ನಡುಗಿತು, ಒಂದು ಕರಿ ಕೋಟಿನ ತೋಳು ಸುಟ್ಟುಹೋಯಿತು, ಆದರೂ ಕುಡಿಯಲಿಲ್ಲ. ತಮ್ಮ ಬಿಟ್ಟಿದ್ದಾನೆ ಎಂದು ಕೋಣೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನನ್ನು ಎದುರಿನ ಕೋಣೆಗೆ ಕರೆತನ್ನಿ, ಒಬ್ಬನೇ ಇದ್ದರೆ ನಿಲ್ಲಲಾರ ಎಂದು ನರ್ಸಮ್ಮ ಪದೇ ಪದೇ ಹೇಳಿದರು. ಅವರ ಮಾತೇ ನಿಜವಾಯಿತು. ಹನ್ನೆರಡನೆಯ ದಿನ ತಮ್ಮ ಮತ್ತೆ ಕುಡಿದ. ಆ ಶನಿವಾರ ಇವನು ಬಂದು ವರದಿ ಒಪ್ಪಿಸಿ ಗೊಳೋ ಎಂದು ಅತ್ತ. ನರ್ಸಮ್ಮ ಅವನ ಕೈ ಹಿಡಿದುಕೊಂಡು, ಇದು ನಿಮ್ಮ ತಪ್ಪಲ್ಲ, ನಿಮ್ಮ ತಪ್ಪಲ್ಲ ಎಂದು ಸಮಾಧಾನ ಮಾಡಿದರು. ಟೈಪಿಸ್ಟ್ ಹುಡುಗಿ ತನ್ನ ಬಳಿಯಿದ್ದ ಒಂದು ಪುಟ್ಟ ಪುಸ್ತಕ ಕೊಟ್ಟಳು. ಕುಡಿಯುವವರ ಮನೆಯವರಿಗೆ ಎಂದು ಅದರ ಮೇಲೆ ದಪ್ಪಕ್ಷರದಲ್ಲಿತ್ತು, ಹಿಂಬದಿಯಲ್ಲಿ ಗ್ರಂಥಾಲಯದ ವಿಳಾಸ, ಶನಿವಾರ ನಾಲ್ಕು ಗಂಟೆ ಎಂಬ ಬರಹ. ನೀವೂ ಸ್ವಲ್ಪ ನಿಮ್ಮ ಆರೋಗ್ಯ ನೋಡಿಕೊಳ್ಳಿ ಅಣ್ಣ ಎಂದಳಂತೆ.

ಬೈದರೆ ತಡೆದುಕೊಳ್ಳುತ್ತಿದ್ದೆ, ಆ ಸಮಾಧಾನ ತಡೆಯಲಾಗಲಿಲ್ಲ ಎನ್ನುತ್ತಾನೆ ಅವನು. ಅದು ತನ್ನ ಹೆಂಡತಿಗೆ ಸಲ್ಲಬೇಕಾದದ್ದು, ತಾನು ನಡುವೆ ನಿಂತು ತಿನ್ನುತ್ತಿದ್ದೇನೆ ಅನಿಸಿತಂತೆ. ಆದರೂ ಮುಂದಿನ ಎರಡು ಶನಿವಾರ ಬಂದು ಅದೇ ಕುರ್ಚಿಯಲ್ಲಿ ಕೂತ. ಎದುರಿನ ಬಾಗಿಲಿಗೆ ನಾಲ್ಕೇ ಹೆಜ್ಜೆ. ನಾನು ಎಣಿಸಿದ್ದೇನೆ.

ಶನಿವಾರ ಸಂಜೆ ಎಲ್ಲಿಗೆ ಹೋಗುತ್ತೇನೆಂದು ಅವನು ಮನೆಯಲ್ಲಿ ಹೇಳಿರಲಿಲ್ಲ, ಹೆಂಡತಿಯೂ ಕೇಳಿರಲಿಲ್ಲ. ಇತ್ತ ಅಂಗಡಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಅವಳು ಮನೆಯ ಬಟ್ಟೆಗಳನ್ನು ವಿಂಗಡಿಸುತ್ತಿದ್ದಳು. ಎಂದಿನಂತೆ ಜೇಬು ನೋಡಿದಳು. ಗಂಡನ ಶರ್ಟಿನಲ್ಲಿ ಆ ಪುಸ್ತಕ ಸಿಕ್ಕಿತು. ಮನೆಯಲ್ಲಿ ಎಲ್ಲ ಜೇಬುಗಳನ್ನೂ ತಾನೇ ನೋಡುವುದು ಎಂಬುದು ಗಂಡನಿಗೆ ಗೊತ್ತು. ಅಂದಮೇಲೆ ಇದನ್ನು ತನಗಾಗಿಯೇ ಇಟ್ಟಿದ್ದಾರೆ, ಬಾಯಿಬಿಟ್ಟು ಹೇಳಲಾರದೆ ಹೀಗೆ ಮಾಡಿದ್ದಾರೆ ಎಂದುಕೊಂಡಳು. ಮಗಳ ಕೊನೆಯ ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಅಕ್ಕನ ಮನೆಗೆ ಒಯ್ಯುವ ಪೆಟ್ಟಿಗೆ ಅರ್ಧ ತುಂಬಿತ್ತು. ಅವಳು ಅಂಗಡಿಗೆ ಬೀಗ ಹಾಕಿ, ಪುಸ್ತಕ ಹಿಡಿದುಕೊಂಡು ನೇರ ಇಲ್ಲಿಗೆ ಬಂದಳು.

ನನ್ನೆದುರು ನಿಂತಾಗ ಅವಳು ಗಡಿಯಾರ ನೋಡಿದಳು. ನಾಲ್ಕೂ ಹತ್ತು. ನಾನು ಬಲಗಡೆಗೆ ಕೈ ತೋರಿಸಿದೆ. ಆ ಸಲ ಏನೂ ತಪ್ಪಿರಲಿಲ್ಲ.

ಬಾಗಿಲು ತೆಗೆದರೆ ಎದುರಿನ ಕುರ್ಚಿಯಲ್ಲಿ ಗಂಡ. ಇವರು ತನಗಿಂತ ಮೊದಲೇ ಬಂದು ಕಾಯುತ್ತಿದ್ದಾರೆ ಎಂದು ಅವಳು ತಿಳಿದಳು. ಅವಳ ಮುಖ ಅರಳಿದ್ದನ್ನು ನರ್ಸಮ್ಮ ಇವತ್ತಿಗೂ ಹೇಳುತ್ತಾರೆ. ಅಷ್ಟು ಜನರ ನಡುವೆ, ನಿಂತಲ್ಲೇ, ಪುಸ್ತಕ ಮುಂದೆ ಹಿಡಿದು ಕೇಳಿದಳು.

"ಇದನ್ನ ನನಗೋಸ್ಕರ ಜೇಬಲ್ಲಿ ಇಟ್ಟಿದ್ರಾ?"

ಹೌದು ಎಂದರೆ ಮುಗಿದಿತ್ತು. ಒಂದೇ ಮಾತು. ಕೋಣೆಯವರಿಗೆ ತಮ್ಮನ ಜತೆಗೆ ತನ್ನದೂ ಒಂದು ಚಟವಿದೆ ಎಂದು ಹೇಗೋ ಹೊಂದಿಸಿಕೊಳ್ಳಬಹುದಿತ್ತು, ಎಂಟು ವರ್ಷ ಅವನು ಇದಕ್ಕಿಂತ ಕಷ್ಟದ್ದನ್ನು ಹೊಂದಿಸಿದ್ದಾನೆ. ಪೆಟ್ಟಿಗೆ ಬರಿದಾಗುತ್ತಿತ್ತು, ಹೆಂಡತಿ ಮಗಳು ಮನೆಯಲ್ಲೇ ಉಳಿಯುತ್ತಿದ್ದರು. ಹೌದು ಎಂಬುದು ನಾಲಿಗೆಯ ತುದಿಗೇ ಬಂದಿತ್ತಂತೆ. ಅವಳು ಅಷ್ಟು ಆಸೆಯಿಂದ ನೋಡದೆ ಇದ್ದಿದ್ದರೆ ಹೇಳಿಯೇಬಿಡುತ್ತಿದ್ದೆ ಎನ್ನುತ್ತಾನೆ.

"ಇಲ್ಲ. ಮರೆತು ಜೇಬಲ್ಲೇ ಉಳಿದಿತ್ತು. ನನಗೆ ಕುಡಿಯೋ ತಮ್ಮ ಇದ್ದಾನೆ ಅಂತ ಇವರಿಗೆಲ್ಲ ಹೇಳ್ಕೊಂಡು ಎಂಟು ವಾರದಿಂದ ಇಲ್ಲಿ ಕೂತಿದ್ದೀನಿ. ನನಗೆ ತಮ್ಮ ಇಲ್ಲ. ಕುಡಿಯೋನು ನಾನೇ. ನಿನ್ನೆನೂ ಕುಡಿದಿದ್ದೀನಿ, ಇವತ್ತು ಬೆಳಿಗ್ಗೆನೂ ಕುಡಿದಿದ್ದೀನಿ."

ಹೆಂಡತಿಯ ಕೈ ಕೆಳಗಿಳಿಯಿತು. ಮೊದಲು ಬಾಯಿಬಿಟ್ಟವಳು ಟೈಪಿಸ್ಟ್ ಹುಡುಗಿ. ಅವಳ ಮುಖ ಕೆಂಡವಾಗಿತ್ತು.

"ನಾನು ಇಲ್ಲಿ ಆಡಿದ್ದನ್ನ ನಮ್ಮಮ್ಮನ ಹತ್ರನೂ ಆಡಿಲ್ಲ. ನೀವು ಅಣ್ಣನ ಹಾಗೆ ಕೂತು ಕೇಳಿಸ್ಕೊಂಡ್ರಿ."

ಆಮೇಲೆ ಅವನು ಎಷ್ಟೋ ಸಲ ಕ್ಷಮೆ ಕೇಳಿದ. ಅವಳು ಅವನ ಜತೆ ಮಾತಾಡುವುದಿಲ್ಲ, ಮಾತಾಡಬೇಕೆಂದು ನಾನೂ ಹೇಳುವುದಿಲ್ಲ. ಸಿಟ್ಟಿಗೆ ಕಾರಣವಿದ್ದಾಗ ಅದನ್ನು ಇಟ್ಟುಕೊಳ್ಳುವ ಹಕ್ಕು ಆ ಹುಡುಗಿಗಿದೆ. ನರ್ಸಮ್ಮ ಎದ್ದುಬಂದು ಅವನ ಭುಜ ತಟ್ಟಿ, ನಿಮ್ಮ ಕೋಣೆ ಎದುರುಗಡೆ ಎಂದಷ್ಟೇ ಹೇಳಿ ಬಾಗಿಲು ತೆಗೆದರು. ಹೆಂಡತಿಯನ್ನು ಅವನು ಎದ್ದುಹೋದ ಕುರ್ಚಿಯಲ್ಲೇ ಕೂರಿಸಿದರು.

ಕಾರಿಡಾರಿಗೆ ಬಂದವನ ಮುಖದ ಬಣ್ಣವೇ ಹೋಗಿತ್ತು. ಎರಡು ಬಾಗಿಲುಗಳ ನಡುವೆ ಗೋಡೆ ಹಿಡಿದು ನಿಂತ. ಹುಷಾರಿಲ್ಲವೇನೋ ಎಂದು ನಾನು ನೀರು ತೆಗೆದುಕೊಂಡು ಹೋದೆ. ಮೊದಲ ದಿನ ತನಗೆ ಎಡಗಡೆಯ ಕೋಣೆ ಬೇಕಿತ್ತು ಎಂದು ಅವನು ಹೇಳಿದಾಗ ಕೆನ್ನೆಗೆ ಹೊಡೆದಂತಾಯಿತು. ಎಂಟು ವಾರ! ಅವನ ಸುಳ್ಳಿಗೆ ಬಾಗಿಲು ತೆಗೆದುಕೊಟ್ಟವಳು ನಾನು. ನನ್ನದು ತಪ್ಪಾಯಿತು ಎಂದೆ. ಅವನು ತಲೆ ಅಲ್ಲಾಡಿಸಿದ, ನೀರು ಕುಡಿದ, ಅಲ್ಲೇ ನಿಂತ. ಹನ್ನೆರಡು ವರ್ಷದಲ್ಲಿ ನಾನು ಯಾರನ್ನೂ ಬಾಗಿಲವರೆಗೆ ಕರೆದೊಯ್ದವಳಲ್ಲ. ಅವತ್ತು ಅವನ ತೋಳು ಹಿಡಿದು ನಾಲ್ಕು ಹೆಜ್ಜೆ ನಡೆಸಿ, ಎಡಗಡೆಯ ಬಾಗಿಲು ತಟ್ಟಿ, ಇವರು ನಿಮ್ಮವರು ಎಂದು ಒಳಗೆ ಬಿಟ್ಟುಬಂದೆ.

ಐದೂವರೆಗೆ ಆ ಕೋಣೆ ಮುಗಿಯಿತು. ಅವನು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತ. ಬಲಗಡೆಯ ಬಾಗಿಲು ಇನ್ನೂ ಮುಚ್ಚಿತ್ತು, ಒಂದೇ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆರಾಯಿತು, ನಾನು ಬೀಗ ಹಾಕುವ ಹೊತ್ತು. ಬೀಗದ ಕೈ ಹಿಡಿದು ಆ ಬಾಗಿಲ ಕಡೆ ಹೊರಟವಳನ್ನು ಅವನು ತಡೆದ.

"ಸ್ವಲ್ಪ ಇರಿ ಮೇಡಂ. ಅವಳು ಮಾತಾಡ್ತಿದ್ದಾಳೆ. ಪೂರ್ತಿ ಹೇಳಲಿ."

ನಾನೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಏಳಕ್ಕೆ ಐದು ನಿಮಿಷ ಇರುವಾಗ ಅವಳು ಹೊರಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಅವನು ಎದ್ದು ನಿಂತ. ಅಕ್ಕನ ಮನೆಗೆ ಹೊರಡುವುದು ಯಾವತ್ತು ಎಂದು ಕೇಳಿದ. ಇರು ಎಂದು ಅವನು ಬೇಡಿಕೊಳ್ಳಲಿಲ್ಲ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಹಾಕಲಿಲ್ಲ.

"ಬರೋ ಶನಿವಾರ ನಾನಿಲ್ಲಿಗೆ ಬರಬೇಕು," ಎಂದಳು. "ಅಲ್ಲೀವರೆಗೂ ಮನೇಲಿರ್ತೀನಿ."

ಅದಾಗಿ ಮೂರು ವರ್ಷವಾಯಿತು. ನಡುವೆ ಅವನು ಎರಡು ಸಲ ಜಾರಿದ, ಎರಡು ಸಲವೂ ಅವಳು ಕೇಳುವ ಮೊದಲೇ ಹೇಳಿದ. ಈಗ ಒಂದು ವರ್ಷ ಏಳು ತಿಂಗಳಿಂದ ಮುಟ್ಟಿಲ್ಲ. ಪ್ರತಿ ಶನಿವಾರ ಇಬ್ಬರೂ ಬರುತ್ತಾರೆ, ನನ್ನ ಮೇಜಿನ ಹತ್ತಿರ ಬೇರೆಯಾಗಿ ಅವನು ಎಡಕ್ಕೆ, ಅವಳು ಬಲಕ್ಕೆ ಹೋಗುತ್ತಾರೆ. ವಾಪಸು ಹೋಗುವಾಗ ಅವನು ಮೆಟ್ಟಿಲಿಳಿಯದೆ ನಿಂತು ಅವಳಿಗಾಗಿ ಕಾಯುತ್ತಾನೆ. ಅವಳು ಬಂದು, ಬರುವ ಶನಿವಾರದವರೆಗೆ ಮನೆಯಲ್ಲಿರುತ್ತೇನೆ ಎನ್ನುತ್ತಾಳೆ. ಮೂರು ವರ್ಷದಲ್ಲಿ ಒಂದು ವಾರಕ್ಕಿಂತ ಹೆಚ್ಚಿನ ಮಾತನ್ನು ಅವಳು ಕೊಟ್ಟಿಲ್ಲ, ಅವನು ಕೇಳಿಯೂ ಇಲ್ಲ. ಆದರೆ ಅವಳು ಅದನ್ನು ಹೇಳುವವರೆಗೆ ಅವನು ಮೊದಲ ಮೆಟ್ಟಿಲಿಗೆ ಕಾಲಿಡುವುದಿಲ್ಲ.